ಉರುವಲು ಅಂತ ತೂಗುವ ಮರದಿಂದ ಹಂಚಿನ ಮಾಡು: ಗೋವಾದಲ್ಲಿ ಕಟ್ಟಿ ಕಲಿತದ್ದು

ಫೋಂಡಾ ಕಡೆಯ ಒಂದು ಸಾಮಿಲ್ ಅಂಗಳ. ಮೂಲೆಯಲ್ಲಿ ಅಕೇಶಿಯಾ ದಿಮ್ಮಿಗಳ ರಾಶಿ ಬಿದ್ದಿತ್ತು. ಉರುವಲಿಗೆ ಅಂತ ತೂಕದ ಲೆಕ್ಕದಲ್ಲಿ ಮಾರುತ್ತಿದ್ದರು. ನಾನು ಅದರಲ್ಲಿ ನೆಟ್ಟಗಿದ್ದವನ್ನು ಆರಿಸಿ ಬೇರೆ ಇಡಿಸುತ್ತಿದ್ದೆ. ಜೊತೆಗಿದ್ದ ಬಡಿಗೇರ ಕಾಕಾ ಗದಗ ಕಡೆಯವರು. ಸ್ವಲ್ಪ ಹೊತ್ತು ಸುಮ್ನೆ ನೋಡಿದರು. ಆಮೇಲೆ ತಡೆಯಲಾಗದೆ ಕೇಳಿದರು: ‘ಸಾಹೇಬ್ರ, ಇವು ಒಲಿಗೆ ಹಾಕೂ ಕಟಗಿ. ಇವುರ ಮ್ಯಾಲೆ ಹಂಚು ಹೊದಿಸ್ತೀರೇನು?’

ಅವರು ಹಾಗೆ ಕೇಳಿದ್ದಕ್ಕೆ ಕಾರಣವಿತ್ತು. ಅದಕ್ಕೂ ಮುಂಚೆ ನಾನೊಮ್ಮೆ ಇದೇ ಮರದಿಂದ ಒಂದು ಮಾಡು (ಛಾವಣಿ) ಕಟ್ಟಿ ಮುಖ ಕೆಡಿಸಿಕೊಂಡಿದ್ದೆ. ‘ಒಣಗಿದ ಮಾಲು’ ಅಂತ ಒಬ್ಬರು ಕೊಟ್ಟರು, ನಾನು ನಂಬಿ ಮೇ ತಿಂಗಳಲ್ಲಿ ಪಕಾಸಿ, ಅಂದರೆ ಹಂಚಿನ ಭಾರ ಹೊರುವ ಇಳಿಜಾರು ಮರ, ಏರಿಸಿದೆ. ಮಳೆಗಾಲ ಚೆನ್ನಾಗೇ ಕಳೆಯಿತು. ಡಿಸೆಂಬರ್ ಹೊತ್ತಿಗೆ ಪಕಾಸಿಗಳು ಹಗ್ಗದ ಹಾಗೆ ಹೊಸೆದುಕೊಂಡಿದ್ದವು. ಹಂಚಿನ ನಡುವೆ ಬೆರಳು ತೂರುವಷ್ಟು ಸಂದು. ಮುಂದಿನ ಜೂನ್‌ನಲ್ಲಿ ಆ ಮನೆಯವರು ಬಕೆಟ್ ಇಟ್ಟುಕೊಂಡು ಮಲಗಿದರು. ಮರದ್ದೇನೂ ತಪ್ಪಿರಲಿಲ್ಲ. ಹಸಿ ಮರವನ್ನು ಏರಿಸಿದ್ದು ನಾನು.

ಈಗ ನನ್ನ ಲೆಕ್ಕ ಬೇರೆ. ತೇಗ ಕೊಳ್ಳುವ ದುಡ್ಡಿನಲ್ಲಿ ಅರ್ಧವನ್ನಾದರೂ ಒಣಗಿಸೋಕೆ, ಹುಳ ತಡೆಯುವ ಔಷಧಿಗೆ, ಸರಿಯಾದ ಅಳತೆಗೆ ಹಾಕಿದರೆ ಅಗ್ಗದ ಮರವೂ ನಿಲ್ಲುತ್ತದೆ. ಕೆಳಗೆ ಬರೆದಿರುವುದು 15 ಅಡಿ ಅಗಲ, 20 ಅಡಿ ಉದ್ದದ ಒಂದು ಕೋಣೆಯ ಮಾಡಿನ ಕೆಲಸ. ಚಿರೆಕಲ್ಲಿನ ಗೋಡೆ, ಮಂಗಳೂರು ಹಂಚು, ಸುಮಾರು 30 ಡಿಗ್ರಿ ಇಳಿಜಾರು. ಕಾಂಕ್ರೀಟ್ ಸ್ಲಾಬ್ ಬೇಡ, ಕಬ್ಬಿಣದ ಟ್ರಸ್ ಬೇಡ ಅನ್ನುವವರಿಗೆ.

ಯಾವ ಮರ ಕೈಗೆ ಸಿಗುತ್ತದೆ

ಅಕೇಶಿಯಾ ಆಸ್ಟ್ರೇಲಿಯಾ, ಪಪುವಾ ನ್ಯೂಗಿನಿ ಕಡೆಯ ಮರ. ನಮ್ಮ ಉತ್ತರ ಕನ್ನಡ, ಶಿವಮೊಗ್ಗ ಕಡೆ ಬೋಳು ಗುಡ್ಡಗಳ ಮೇಲೆ ನೆಟ್ಟಿದ್ದು ನಮ್ಮ ತಲೆಮಾರಿನ ಕಣ್ಣ ಮುಂದೆಯೇ. ಗೋವಾದ ಗುಡ್ಡಗಳಲ್ಲೂ ಬೇಕಾದಷ್ಟಿದೆ. ‘ನೀರು ಹೀರುತ್ತದೆ, ಕೆಳಗೆ ಹುಲ್ಲೂ ಬೆಳೆಯಲ್ಲ’ ಅಂತ ಬೈಸಿಕೊಂಡ ಮರ. ಆ ಬೈಗುಳದಲ್ಲಿ ನನ್ನ ಪಾಲೂ ಇದೆ, ಹೊಸದಾಗಿ ನೆಡಿ ಅಂತ ನಾನು ಹೇಳುವುದಿಲ್ಲ. ಆದರೆ ನೆಟ್ಟದ್ದು ಬೆಳೆದು ನಿಂತಿದೆಯಲ್ಲ, ಅದನ್ನು ಒಲೆಗೂ ಕಾಗದದ ಕಾರ್ಖಾನೆಗೂ ಕಳಿಸುವುದಷ್ಟೇ ದಾರಿಯಾ? ಒಳಗಿನ ಕೆಚ್ಚು ಕಂದು ಬಣ್ಣದ್ದು, ಗಟ್ಟಿ. ಹೊರಗಿನ ಬಿಳಿ ಭಾಗ ಹುಳಕ್ಕೆ ಹಬ್ಬ. ಕಷ್ಟ ಏನೆಂದರೆ ಕಾಂಡ ನೆಟ್ಟಗಿರುವುದು ಕಡಿಮೆ. ಹತ್ತು ದಿಮ್ಮಿ ನೋಡಿದರೆ ನಾಲ್ಕು ಉಪಯೋಗಕ್ಕೆ ಬಂದಾವು.

ತೆಂಗಿನದು ಬೇರೆಯೇ ಕಥೆ. 2016ರಲ್ಲಿ ಗೋವಾ ಸರ್ಕಾರ ಮರಗಳ ಕಾಯ್ದೆಗೆ ತಿದ್ದುಪಡಿ ತಂದು ತೆಂಗು ಮರವೇ ಅಲ್ಲ ಅಂದಿತು. ಜನ ಗಲಾಟೆ ಎಬ್ಬಿಸಿದ ಮೇಲೆ ಮತ್ತೆ ಮರ ಅಂತಾಯಿತು. ಸಸ್ಯಶಾಸ್ತ್ರದ ಪ್ರಕಾರ ಅದು ಹುಲ್ಲು, ಬಿದಿರಿನ ಕಡೆಯ ಜಾತಿ. ಅದಕ್ಕೇ ಅದರಲ್ಲಿ ಎಲ್ಲವೂ ತಿರುವುಮುರುವು: ಗಟ್ಟಿ ಹೊರಗೆ, ಮೆತ್ತನೆಯದು ಒಳಗೆ. ಹೊರಸುತ್ತಿನ ಮರ ಒಣಗಿದಾಗ ಘನ ಮೀಟರ್‌ಗೆ 600 ಕಿಲೋಗಿಂತ ಜಾಸ್ತಿ ತೂಗುತ್ತದೆ, ನಡುವಿನದು 400ಕ್ಕಿಂತ ಕಮ್ಮಿ. ಫಲ ನಿಂತ ಹಳೇ ಮರದ ಬುಡದ ಕಡೆಯ ಹೊರಸುತ್ತು ಸಿಕ್ಕರೆ ಪಕಾಸಿಗೆ ಬಹಳ ಒಳ್ಳೆಯದು. ನಮ್ಮಜ್ಜನ ಮನೆ ಕೊಟ್ಟಿಗೆಗೆ ಅದನ್ನೇ ಹಾಕಿದ್ದರು. ಒಂದು ಎಚ್ಚರಿಕೆ: ಮಾಮೂಲಿ ಗರಗಸದ ಹಲ್ಲು ಗಂಟೆಯೊಳಗೆ ಮೊಂಡಾಗುತ್ತದೆ. ಕಾರ್ಬೈಡ್ ಹಲ್ಲಿನ ಬ್ಲೇಡ್ ಇರುವ ಮಿಲ್ ಹುಡುಕಿ.

ನೀಲಗಿರಿ ಬಲವಾದ ಮರ, ಆದರೆ ಕಡಿದ ತಕ್ಷಣ ತುದಿಯಿಂದ ಸೀಳುತ್ತದೆ. ಮಾವು ಮತ್ತು ರಬ್ಬರ್ ಮರದಲ್ಲಿ ಪಿಷ್ಟ ಜಾಸ್ತಿ, ಔಷಧಿ ಹಾಕದಿದ್ದರೆ ವರ್ಷದೊಳಗೆ ಕುಟ್ಟೆ ಹುಳ ಹಿಡಿದು ಹಿಟ್ಟು ಉದುರುತ್ತದೆ. ರೀಪಿಗೆ (ಪಕಾಸಿಗಳ ಮೇಲೆ ಹಂಚು ಕೂರಿಸುವ ಅಡ್ಡ ಪಟ್ಟಿಗೆ), ಅಟ್ಟದ ಹಲಗೆಗೆ ಸಾಕು, ಭಾರ ಹೊರುವ ಜಾಗಕ್ಕೆ ನಾನು ಹಾಕುವುದಿಲ್ಲ. ಹಲಸು ಸಿಕ್ಕರೆ ಕಣ್ಣುಮುಚ್ಚಿ ತೊಗೊಳ್ಳಿ, ಆದರೆ ಅದು ಈಗ ಅಗ್ಗ ಅಲ್ಲ.

ಇನ್ನೊಂದು ಮೂಲ, ಕೆಡವಿದ ಮನೆಗಳು. ಗೋವಾದ ಹಳೇ ಮನೆಗಳಲ್ಲಿ ಮತ್ತಿ, ಹಲಸು, ತೇಗದ ತೊಲೆಗಳಿರುತ್ತವೆ. ಪುಣೆಯಲ್ಲಿ ವಾಡೆ (ಹಳೇ ದೊಡ್ಡ ಮನೆ) ಕೆಡವಿದಾಗ ತೇಗ, ಮುಂಬೈಯಲ್ಲಿ ಹಳೇ ಚಾಳ್ ಕೆಡವಿದಾಗ ಎಷ್ಟೋ ಸಲ ಬರ್ಮಾ ತೇಗವೇ ಬರುತ್ತದೆ. ದಶಕಗಟ್ಟಲೆ ಒಣಗಿದ ಮರ, ಇನ್ನು ಹೊಸೆಯುವ ಪ್ರಶ್ನೆಯೇ ಇಲ್ಲ. ಆದರೆ ಗೋಡೆಯೊಳಗೆ ಕೂತಿದ್ದ ತುದಿಯನ್ನು ಉಳಿಯಿಂದ ಚುಚ್ಚಿ ನೋಡಿ, ಕೊಳೆತಿದ್ದರೆ ಅಷ್ಟು ಕತ್ತರಿಸಿ ಬಿಡಿ. ಮಿಲ್‌ಗೆ ಒಯ್ಯುವ ಮುಂಚೆ ಮ್ಯಾಗ್ನೆಟ್ ಆಡಿಸಿ ಮೊಳೆ ಕೀಳಿಸಿ. ಇಲ್ಲದಿದ್ದರೆ ಬ್ಲೇಡಿನ ದುಡ್ಡು ನಿಮ್ಮ ತಲೆಗೆ.

ಕಾಗದಪತ್ರ

ಗೋವಾದಲ್ಲಿ ನಿಮ್ಮದೇ ಜಾಗದ ಮರ ಕಡಿಯಲೂ 1984ರ ಮರ ಸಂರಕ್ಷಣಾ ಕಾಯ್ದೆಯಡಿ ಅರಣ್ಯ ಇಲಾಖೆಯ ಒಪ್ಪಿಗೆ ಬೇಕು. ಮಹಾರಾಷ್ಟ್ರದಲ್ಲಿ 1964ರ ಕಾಯ್ದೆ ಇದೆ. ಊರಿಂದ ಗಡಿ ದಾಟಿಸಿ ತರುವುದಾದರೆ ಸಾಗಣೆ ಪಾಸ್ ಕೇಳುತ್ತಾರೆ. ಯಾವ ಜಾತಿಗೆ ವಿನಾಯಿತಿ ಇದೆ ಅನ್ನೋದನ್ನು ರೇಂಜ್ ಆಫೀಸಿನಲ್ಲೇ ವಿಚಾರಿಸಿ. ಮಿಲ್‌ನಿಂದ ಕೊಂಡರೆ ಬಿಲ್ ತೊಗೊಂಡು ಜೋಪಾನವಾಗಿಡಿ.

ಕಡಿಯುವುದು, ಸೀಳುವುದು

ಮಳೆ ನಿಂತ ಮೇಲೆ, ಅಕ್ಟೋಬರ್ ಕೊನೆ ಅಥವಾ ನವೆಂಬರ್‌ನಲ್ಲಿ ಕಡಿಸಿ. ಮುಂದಿನ ಐದಾರು ತಿಂಗಳು ಒಣಗಿಸೋಕೆ ಬೇಕು. ದಿಮ್ಮಿ ಬಿದ್ದ ದಿನವೇ ಎರಡೂ ತುದಿಗೆ ಹಳೇ ಆಯಿಲ್ ಪೇಂಟೋ ಮೇಣವೋ ದಪ್ಪಗೆ ಬಳಿಯಿರಿ. ತುದಿ ಬೇಗ ಒಣಗುವುದರಿಂದಲೇ ಸೀಳುವುದು.

ದಿಮ್ಮಿಯನ್ನು ವಾರದೊಳಗೆ ಸೀಳಿಸಿ. ನಟ್ಟನಡುವಿನ ತಿರುಳು, ಅಂದರೆ ಉಂಗುರಗಳ ಕೇಂದ್ರ, ಯಾವ ಪಕಾಸಿಯ ಒಳಗೂ ಸಿಕ್ಕಿಕೊಳ್ಳಬಾರದು. ಅದು ಇದ್ದ ತುಂಡು ಸೀಳಿಯೇ ಸೀಳುತ್ತದೆ. ಮಿಲ್‌ನವರು ‘ವೇಸ್ಟ್ ಆಗತ್ತೆ’ ಅನ್ನುತ್ತಾರೆ. ಆಗಲಿ. ಹೇಗೂ ದಿಮ್ಮಿಯ ಅರ್ಧದಷ್ಟೇ ಕೆಲಸಕ್ಕೆ ಬರುವ ಮರವಾಗುವುದು, ಕೊಳ್ಳುವಾಗಲೇ ಎರಡು ಪಟ್ಟು ಲೆಕ್ಕ ಹಾಕಿ. ಒಣಗಿದಾಗ ಕುಗ್ಗುತ್ತದೆ, ಮೇಲೆ ಉಜ್ಜುವುದಕ್ಕೂ ಬೇಕು. ಬೇಕಾದ ಅಳತೆಗಿಂತ 5 ಮಿಲಿಮೀಟರ್ ಜಾಸ್ತಿಯೇ ಇಡಿಸಿ.

ಔಷಧಿ: ಹಸಿ ಇರುವಾಗಲೇ

ತುಂಬಾ ಜನ ಒಣಗಿದ ಮೇಲೆ ಬ್ರಶ್‌ನಲ್ಲಿ ಏನೋ ಬಳಿಯುತ್ತಾರೆ. ಅದು ಚರ್ಮಕ್ಕೆ ಪೌಡರ್ ಹಚ್ಚಿದ ಹಾಗೆ. ಬೊರಾಕ್ಸ್ ಮತ್ತು ಬೋರಿಕ್ ಆಸಿಡ್ ಮರದೊಳಗಿನ ನೀರಿನ ಮೂಲಕವೇ ಒಳಗೆ ಇಳಿಯುತ್ತವೆ. ಹಾಗಾಗಿ ಮರ ಹಸಿಯಾಗಿರುವಾಗಲೇ ಈ ಕೆಲಸ ಮುಗಿಸಬೇಕು.

ಉದ್ದಕ್ಕೆ ಒಂದು ಗುಂಡಿ ತೋಡಿ ದಪ್ಪ ಟಾರ್ಪಾಲ್ ಹಾಸಿ. ಪ್ರತಿ 100 ಲೀಟರ್ ನೀರಿಗೆ 6 ಕಿಲೋ ಬೊರಾಕ್ಸ್, 4 ಕಿಲೋ ಬೋರಿಕ್ ಆಸಿಡ್. ತಣ್ಣೀರಿನಲ್ಲಿ ಸರಿಯಾಗಿ ಕರಗಲ್ಲ, ಬಿಸಿ ನೀರಿನಲ್ಲಿ ಕದಡಿ ಆಮೇಲೆ ಸುರಿಯಿರಿ. ಸೀಳಿದ ತುಂಡುಗಳನ್ನು ಎರಡು ಮೂರು ದಿನ ಮುಳುಗಿಸಿಡಿ, ತೇಲದಂತೆ ಮೇಲೆ ಚಿರೆಕಲ್ಲು ಹೇರಿ. ತೆಗೆದ ಮೇಲೆ ಒಣಗಲು ಬಿಡಬೇಡಿ. ಒತ್ತಾಗಿ ಪೇರಿಸಿ ಪ್ಲಾಸ್ಟಿಕ್‌ನಲ್ಲಿ ಗಟ್ಟಿಯಾಗಿ ಸುತ್ತಿ, ನೆರಳಲ್ಲಿ ನಾಲ್ಕು ವಾರ ಬಿಡಿ. ಎರಡು ಇಂಚು ದಪ್ಪದ ಮರದೊಳಕ್ಕೆ ಔಷಧಿ ಇಳಿಯಲು ಅಷ್ಟು ಸಮಯ ಬೇಕು. ಕೈಗವಸು, ಮಾಸ್ಕ್ ಹಾಕಿಕೊಳ್ಳಿ. ಉಳಿದ ನೀರನ್ನು ತೆಂಗಿನ ಬುಡಕ್ಕೆ ಚೆಲ್ಲಬೇಡಿ, ಬಾವಿ ಹತ್ತಿರವಂತೂ ಬೇಡ. ಈ ಔಷಧಿಯಲ್ಲಿರುವ ಬೋರಾನ್ ಜಾಸ್ತಿಯಾದರೆ ಗಿಡ ಸುಟ್ಟುಹೋಗುತ್ತದೆ.

ಇದಕ್ಕೊಂದು ಮಿತಿ ಇದೆ. ಮಳೆ ನೇರವಾಗಿ ಬಡಿಯುವ ಜಾಗದಲ್ಲಿ ಬೋರಾನ್ ತೊಳೆದು ಹೋಗುತ್ತದೆ. ಹಂಚಿನ ಅಡಿಯ ಮರಕ್ಕೆ ಸಾಕು. ಹೊರಗೆ ನಿಲ್ಲುವ ಕಂಬಕ್ಕೆ ತಾಮ್ರ ಸೇರಿದ ಔಷಧಿಯನ್ನು ಒತ್ತಡದಲ್ಲಿ ತುಂಬಿಸಿದ ಮರ ಬೇಕು. ಅಂಥ ಮರದ ಚೂರನ್ನು ಮಾತ್ರ ಯಾವತ್ತೂ ಒಲೆಗೆ ಹಾಕಬೇಡಿ.

ಒಣಗಿಸುವುದು

ಈಗ ಡಿಸೆಂಬರ್. ಗೋವಾದ ಗಾಳಿ ಈ ಹೊತ್ತಿಗೆ ಸ್ವಲ್ಪ ಒಣಗಿರುತ್ತದೆ. ನೆಲದಿಂದ ಒಂದೂವರೆ ಅಡಿ ಎತ್ತರಕ್ಕೆ ಕಲ್ಲು ಜೋಡಿಸಿ. ಒಂದು ಸಾಲು ಮರ, ಅದರ ಮೇಲೆ ಅಡ್ಡಕ್ಕೆ ಒಂದಿಂಚಿನ ಪಟ್ಟಿಗಳು, ಮತ್ತೆ ಒಂದು ಸಾಲು ಮರ. ಪಟ್ಟಿಗಳು ಎರಡಡಿಗೊಂದರಂತೆ ಇರಲಿ. ಎಲ್ಲಕ್ಕಿಂತ ಮುಖ್ಯ, ಪಟ್ಟಿಯ ಮೇಲೇ ಪಟ್ಟಿ ಬರಬೇಕು, ಒಂದೇ ನೇರಕ್ಕೆ. ಸ್ವಲ್ಪ ಆಚೀಚೆ ಆದರೂ ಮರ ಅಲ್ಲೇ ಬಾಗಿ ಒಣಗುತ್ತದೆ. ನಮ್ಮ ಕಾಕಾ ಇದನ್ನು ನೂಲು ಹಿಡಿದು ನೋಡುತ್ತಾರೆ. ಮೇಲೆ ಶೀಟಿನ ನೆರಳು, ಶೀಟಿನ ಕೆಳಗೆ, ಮರದ ರಾಶಿಯ ಮೇಲೆ, ಸಾಲು ಕಲ್ಲು. ಅಕೇಶಿಯಾ ಹೊಸೆಯುವುದನ್ನು ಈ ಭಾರವೇ ತಡೆಯುವುದು.

ಪುಣೆಯಲ್ಲಿ ಇದೇ ಕೆಲಸ ಬೇಗ ಆಗುತ್ತದೆ. ಆದರೆ ಅಲ್ಲಿ ಮಾರ್ಚ್, ಏಪ್ರಿಲ್‌ನ ಒಣ ಗಾಳಿಗೆ ಮರ ಬಿರಿಯುತ್ತದೆ. ಗಾಳಿ ಬೀಸುವ ಕಡೆ ಗೋಣಿತಾಟು ಕಟ್ಟಿ.

ಒಣಗಿತಾ ಇಲ್ಲವಾ ಅನ್ನೋದನ್ನು ಬೆರಳಿನಿಂದ ಬಡಿದು ಹೇಳುವ ಜನ ಇದ್ದಾರೆ. ನನಗೆ ಆ ಕಿವಿ ಇಲ್ಲ. ಒಂದು ಪಕಾಸಿಯ ತುದಿಯಿಂದ ಅರ್ಧ ಅಡಿ ಬಿಟ್ಟು ಬಿಸ್ಕತ್ತಿನಷ್ಟು ತುಂಡು ಕತ್ತರಿಸಿ, ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ತೂಗಿ. ಆಮೇಲೆ ಓವನ್‌ನಲ್ಲಿ 100 ಡಿಗ್ರಿ ಚಿಲ್ಲರೆಗೆ ಇಟ್ಟು ತೂಕ ಇಳಿಯುವುದು ನಿಲ್ಲುವವರೆಗೂ ಬಿಡಿ, ಒಂದು ಹಗಲು ಒಂದು ರಾತ್ರಿ ಬೇಕಾಗುತ್ತದೆ. ಕಳೆದ ಸಲ ನನ್ನ ತುಂಡು ಮೊದಲು 142 ಗ್ರಾಂ, ಕೊನೆಗೆ 118. ಹೋದ ನೀರು 24 ಗ್ರಾಂ. 24ನ್ನು 118ರಿಂದ ಭಾಗಿಸಿದರೆ ಶೇ 20. ಕರಾವಳಿಯ ಮಾಡಿಗೆ ಶೇ 17ರಿಂದ 20 ಇದ್ದರೆ ನಡೆಯುತ್ತದೆ. ಇನ್ನೆರಡು ವಾರ ಬಿಟ್ಟೆ. ಇಡೀ ದಿನ ಓವನ್ ಉರಿಸಿದ್ದಕ್ಕೆ ಮನೆಯಲ್ಲಿ ಬೈಸಿಕೊಂಡೆ, ಅದು ಬೇರೆ ಮಾತು.

ಆರಿಸುವುದು, ಸಿಮೆಂಟ್ ಚೀಲ ನೇತು ಹಾಕುವುದು

ಮೊದಲು ಕಣ್ಣಿನಿಂದ. ಮರದ ಎಳೆ (ನಾರು) ಪಕಾಸಿಯ ಉದ್ದಕ್ಕೇ ಓಡಬೇಕು. 15 ಇಂಚು ಹೋಗುವಷ್ಟರಲ್ಲಿ ಒಂದಿಂಚಿಗಿಂತ ಜಾಸ್ತಿ ಅಡ್ಡಕ್ಕೆ ಸರಿದರೆ ಅದು ರೀಪಿನ ರಾಶಿಗೆ. ದೊಡ್ಡ ಗಂಟು ನಡುವೆ, ಕೆಳ ಅಂಚಿನಲ್ಲಿ ಬೇಡ. ಭಾರ ಬಿದ್ದಾಗ ಅಲ್ಲೇ ಮರ ಎಳೆದುಕೊಳ್ಳುವುದು. ಗಂಟು ಮೇಲ್ಗಡೆ ಬರುವ ಹಾಗೆ ತಿರುಗಿಸಿದರೆ ಎಷ್ಟೋ ತುಂಡು ಉಳಿಯುತ್ತವೆ.

ಆಮೇಲೆ ಭಾರದ ಪರೀಕ್ಷೆ. ನಮ್ಮ ಪಕಾಸಿ 40 ಮಿಮೀ ದಪ್ಪ, 125 ಮಿಮೀ ಎತ್ತರ. ಎರಡು ಗಟ್ಟಿ ಕಟ್ಟೆಗಳ ನಡುವೆ 2.7 ಮೀಟರ್ ಅಂತರ ಬಿಟ್ಟು ಎತ್ತರ ಮೇಲೆ ಬರುವಂತೆ ನಿಲ್ಲಿಸಿ, ಪಕ್ಕಕ್ಕೆ ಬೀಳದಂತೆ ತುದಿಗಳನ್ನು ಹಿಡಿಸಿ. ನಡುವಿಗೆ ಹಗ್ಗ ಕಟ್ಟಿ 50 ಕಿಲೋದ ಒಂದು ಸಿಮೆಂಟ್ ಚೀಲ ನೇತು ಹಾಕಿ. ಸಿಮೆಂಟ್ ಬಿಡಲು ಹೊರಟವನಿಗೆ ಸಿಮೆಂಟೇ ತೂಕದ ಕಲ್ಲು! ಐದೂವರೆ ಮಿಮೀಗಿಂತ ಜಾಸ್ತಿ ಬಾಗಿದರೆ ಆ ತುಂಡು ಪಕಾಸಿಗೆ ಬೇಡ. ಮೂರು ಮಿಮೀ ಆಸುಪಾಸಿನಲ್ಲಿ ನಿಂತರೆ ಒಳ್ಳೆಯ ಮರ. ಅಂಥವಕ್ಕೆ ಕಾಕಾ ಸುಣ್ಣದಲ್ಲಿ ಗುಂಡು ಗುರುತು ಹಾಕುತ್ತಾರೆ. ಮೂವತ್ತು ಪಕಾಸಿ ಪರೀಕ್ಷಿಸೋಕೆ ಇಬ್ಬರಿಗೆ ಅರ್ಧ ದಿನ ಸಾಕು.

ಈ ಐದೂವರೆ ಎಲ್ಲಿಂದ ಬಂತು? ಕಟ್ಟಡದ ಮರಕ್ಕೆ ನಮ್ಮಲ್ಲಿ ಐಎಸ್ 883 ಅನ್ನುವ ಮಾನದಂಡ ಇದೆ. ಅದು ಮರಗಳನ್ನು ಬಿಗಿತನದ (ಬಾಗದೆ ನಿಲ್ಲುವ ಗುಣದ) ಮೇಲೆ ಎ, ಬಿ, ಸಿ ಅಂತ ಮೂರು ಗುಂಪು ಮಾಡುತ್ತದೆ. ಕೊನೆಯ ಸಿ ಗುಂಪಿನ ಕನಿಷ್ಠ ಬಿಗಿತನ ಚದರ ಮಿಮೀಗೆ 5,600 ನ್ಯೂಟನ್. ಬಿ ಗುಂಪು ಶುರುವಾಗುವುದು 9,800ರಿಂದ. ಚೀಲ ನೇತು ಹಾಕಿದಾಗ ಐದೂವರೆ ಮಿಮೀ ಬಾಗುವ ಮರ ಸಿ ಗುಂಪಿನ ಹೊಸ್ತಿಲ ಮೇಲೆ ನಿಂತಿದೆ, ಮೂರರದ್ದು ಬಿ ಗುಂಪಿನದು.

ಅಳತೆಯ ಲೆಕ್ಕ

ಇದೇ ಇಡೀ ಕೆಲಸದ ತಿರುಳು. ಸ್ವಲ್ಪ ಸಾವಕಾಶವಾಗಿ ಓದಿ.

ಮಂಗಳೂರು ಹಂಚು ಮತ್ತು ರೀಪಿನ ಭಾರ ಚದರ ಮೀಟರ್‌ಗೆ ಸುಮಾರು 65 ಕಿಲೋ. ಮೇಲೆ ಹತ್ತಿ ರಿಪೇರಿ ಮಾಡುವವರ ಲೆಕ್ಕ 40 ಕಿಲೋ, ಮರದ್ದೇ ತೂಕ ಇನ್ನೊಂದು 10. ಎಲ್ಲ ಸೇರಿ 115 ಅಂತ ಇಟ್ಟುಕೊಳ್ಳಿ. ಪಕಾಸಿಗಳು ಒಂದೂವರೆ ಅಡಿಗೊಂದು, ಗೋಡೆಯಿಂದ ನೆತ್ತಿಯ ತೊಲೆಗೆ ಇಳಿಜಾರಿನಲ್ಲಿ 2.7 ಮೀಟರ್.

ಊರಲ್ಲಿ ಎಲ್ಲರೂ ಹಾಕುವುದು ಎರಡು ಇಂಚು, ನಾಲ್ಕು ಇಂಚಿನ (ಸುಮಾರು 50, 100 ಮಿಮೀ) ಪಕಾಸಿ. ಅದನ್ನು ಸಿ ಗುಂಪಿನ ಮರದಲ್ಲಿ ಹಾಕಿ ನೋಡೋಣ. ಬಲದಲ್ಲಿ ಪಾಸ್: ಮರದ ಮೇಲೆ ಬೀಳುವ ಒತ್ತಡ ಚದರ ಮಿಮೀಗೆ 5.7 ನ್ಯೂಟನ್, ಒಳಾಂಗಣದಲ್ಲಿ ತಡೆಯಬಹುದಾದದ್ದು 8.5. ಮುರಿಯಲ್ಲ. ಆದರೆ ಬಾಗುವುದು 15 ಮಿಮೀ. ಬಿಡಬಹುದಾದದ್ದು ಅಂತರದ 240ರಲ್ಲಿ ಒಂದು ಪಾಲು, ಅಂದರೆ ಸುಮಾರು 11. ಫೇಲ್. ಅಗ್ಗದ ಮರದ ಮಾಡು ಒಂಟೆ ಬೆನ್ನಿನ ಹಾಗೆ ಆಗುವುದು ಇಲ್ಲಿಯೇ. ಆಗ ಎಲ್ಲರೂ ಮರಕ್ಕೆ ಬೈಯುತ್ತಾರೆ.

ಈಗ ಅದೇ ಮರವನ್ನು 40 ಮಿಮೀ ದಪ್ಪ, 125 ಎತ್ತರಕ್ಕೆ ಸೀಳಿ. 50 ಗುಣಿಸು 100 ಐದು ಸಾವಿರ, 40 ಗುಣಿಸು 125ಕ್ಕೂ ಐದು ಸಾವಿರವೇ. ಮರ ಒಂದು ಚೂರೂ ಜಾಸ್ತಿ ಹೋಗಲಿಲ್ಲ. ಬಾಗುವುದು ಮಾತ್ರ 10 ಮಿಮೀಗೆ ಇಳಿಯಿತು, ಪಾಸ್. ಬಾಗುವುದನ್ನು ತಡೆಯುವಲ್ಲಿ ಎತ್ತರ ಮೂರು ಸಲ ಗುಣಿಸಿಕೊಳ್ಳುತ್ತದೆ, ದಪ್ಪ ಒಂದೇ ಸಲ. ತೆಳ್ಳಗೆ, ಎತ್ತರಕ್ಕೆ ಸೀಳಿದ್ದಕ್ಕೆ ಸಿಕ್ಕ ಲಾಭ ಇದು. ಪಕ್ಕಕ್ಕೆ ವಾಲುವುದನ್ನು ಮೇಲಿನ ರೀಪುಗಳು ಹಿಡಿಯುತ್ತವೆ.

ನೆತ್ತಿಯ ತೊಲೆಗೆ ದಪ್ಪ ದಿಮ್ಮಿ ಹುಡುಕಿ ಅಲೆಯಬೇಡಿ. ಎರಡು ಇಂಚು ದಪ್ಪ, ಎಂಟು ಇಂಚು ಎತ್ತರದ ಎರಡು ಹಲಗೆಗಳನ್ನು ಬೆನ್ನಿಗೆ ಬೆನ್ನು ಕೊಟ್ಟು ಒಂದೂವರೆ ಅಡಿಗೊಂದು ಬೋಲ್ಟ್ ಹಾಕಿ. 20 ಅಡಿಯ ಕೋಣೆಯ ನಡುವೆ ಒಂದು ಕಂಬ ಕೊಟ್ಟರೆ ಅಂತರ 10 ಅಡಿ. ಸಿ ಗುಂಪಿನ ಮರದಲ್ಲೂ ಒಂಬತ್ತು ಮಿಮೀ ಒಳಗೇ ಬಾಗುತ್ತದೆ. ನನ್ನ ಹತ್ತಿರ ಹಳೇ ಮನೆಯ ಮತ್ತಿ ತೊಲೆ ಇತ್ತು, ಅದನ್ನೇ ಹಾಕಿದೆ.

ನಿಮ್ಮ ಕೋಣೆ ಇದಕ್ಕಿಂತ ಅಗಲವಿದ್ದರೆ, ಅಥವಾ ಮೇಲೆ ಜನ ಓಡಾಡುವ ಅಟ್ಟ ಇದ್ದರೆ ಈ ಅಂಕಿಗಳನ್ನು ಹಾಗೇ ಎತ್ತಿಕೊಳ್ಳಬೇಡಿ. ಸ್ಟ್ರಕ್ಚರಲ್ ಎಂಜಿನಿಯರ್ ಹತ್ತಿರ ಲೆಕ್ಕ ಮಾಡಿಸಿ. ‘ಮರದ್ದಾ?’ ಅಂತ ಮುಖ ಸಿಂಡರಿಸುವವರೇ ಜಾಸ್ತಿ, ಎರಡು ಮೂರು ಬಾಗಿಲು ತಟ್ಟಬೇಕಾದೀತು.

ಜೋಡಿಸುವುದು

ಗಾಳಿಯ ಲೆಕ್ಕಕ್ಕೆ ಇರುವ ಮಾನದಂಡದಲ್ಲಿ ಗಾಳಿಯ ವೇಗ ಪಣಜಿಗೂ ಪುಣೆಗೂ ಸೆಕೆಂಡಿಗೆ 39 ಮೀಟರ್, ಮುಂಬೈಗೆ 44. ಅಂದರೆ ಗಂಟೆಗೆ 140 ಮತ್ತು 158 ಕಿಲೋಮೀಟರ್. ಇಷ್ಟು ಗಾಳಿ ಬಂದಾಗ ಮಾಡು ಕೆಳಗೆ ಕುಸಿಯುವುದಕ್ಕಿಂತ ಮೇಲಕ್ಕೆ ಎದ್ದು ಹೋಗುವ ಭಯ ಜಾಸ್ತಿ. ಗೋಡೆಯ ಮೇಲೆ ಕಾಂಕ್ರೀಟಿನ ಸಣ್ಣ ಬೆಲ್ಟ್ ಹಾಕಿ, ಅದರಲ್ಲಿ ಮೊದಲೇ ಬೋಲ್ಟ್ ಹೂತಿಡಿ. ಅದಕ್ಕೆ ಗೋಡೆ ಹಲಗೆ (ಗೋಡೆಯ ಮೇಲೆ ಉದ್ದಕ್ಕೆ ಮಲಗಿಸುವ ಮರ), ಗೋಡೆ ಹಲಗೆಗೆ ಪ್ರತಿ ಪಕಾಸಿಯನ್ನೂ ತಗಡಿನ ಪಟ್ಟಿಯಿಂದ ಬಿಗಿಯಿರಿ. ಒಂದೇ ಒಂದು ಮೊಳೆ ಓರೆಯಾಗಿ ಹೊಡೆದು ಇಳಿಯುವ ಅಭ್ಯಾಸ ನಮ್ಮ ಹುಡುಗರಿಗಿದೆ. ಆಗ ನೀವು ಅಲ್ಲೇ ನಿಂತಿರಿ.

ಒಣಗಿದ ಅಕೇಶಿಯಾಕ್ಕೆ ಸುಮ್ನೆ ಮೊಳೆ ಹೊಡೆದರೆ ಸೀಳುತ್ತದೆ. ಮೊಳೆಗಿಂತ ಸ್ವಲ್ಪ ಸಣ್ಣ ತೂತು ಮೊದಲು ಕೊರೆಯಿರಿ. ಸಮುದ್ರದ ಗಾಳಿ, ಮರದ ಒಗರು, ಎರಡೂ ಕಬ್ಬಿಣ ತಿನ್ನುತ್ತವೆ. ಗ್ಯಾಲ್ವನೈಸ್ಡ್ ಮೊಳೆ, ಬೋಲ್ಟ್‌ಗಳನ್ನೇ ಹಾಕಿ, ಬೋಲ್ಟಿಗೆ ಅಗಲ ವಾಶರ್ ಇರಲಿ.

ಮರ ಎಲ್ಲೂ ಚಿರೆಕಲ್ಲಿಗೆ ನೇರ ತಾಗಬಾರದು. ಮಳೆಗಾಲದಲ್ಲಿ ಆ ಕಲ್ಲು ಸ್ಪಂಜಿನ ಹಾಗೆ ನೀರು ಕುಡಿಯುತ್ತದೆ. ಗೋಡೆ ಹಲಗೆಯ ಅಡಿಗೆ ಟಾರ್ ಶೀಟ್ ಹಾಸಿ. ಗೋಡೆಯೊಳಗೆ ಕೂರುವ ತೊಲೆಯ ತುದಿಗೆ ಸುತ್ತಲೂ ಬೆರಳಿನಷ್ಟು ಗಾಳಿ ಬಿಡಿ, ಗಾರೆ ತುಂಬಬೇಡಿ. ನಡುವಿನ ಕಂಬವನ್ನು ನೆಲದಿಂದ ಅರ್ಧ ಅಡಿ ಎತ್ತರದ ಕಬ್ಬಿಣದ ಪಾದದ ಮೇಲೆ ನಿಲ್ಲಿಸಿ. ಗೆದ್ದಲು ಬಂದರೆ ಅದರ ಮಣ್ಣಿನ ದಾರಿ ಆ ಕಬ್ಬಿಣದ ಮೇಲೆ ಕಣ್ಣಿಗೆ ಕಾಣಲಿ ಅಂತ. ಸೂರು ಗೋಡೆಯಿಂದ ಎರಡು ಅಡಿಯಾದರೂ ಚಾಚಿರಲಿ.

ಕಾರ್ಬನ್ ಎಷ್ಟು ಉಳಿಯಿತು

ಈ ಮಾಡಿಗೆ ಹಿಡಿದ ಮರ, ರೀಪು ಸೇರಿ, ಸುಮಾರು 31 ಸಿಎಫ್‌ಟಿ (ಘನ ಅಡಿ). ಒಣ ತೂಕ 500 ಕಿಲೋ ಮೇಲೆ. ಒಣ ಮರದ ಅರ್ಧ ತೂಕ ಕಾರ್ಬನ್. ಅದು ಉರಿದರೆ ಅಥವಾ ಕೊಳೆತರೆ ಒಂದು ಕಿಲೋ ಮರಕ್ಕೆ ಸುಮಾರು 1.8 ಕಿಲೋ ಕಾರ್ಬನ್ ಡೈಆಕ್ಸೈಡ್ ಗಾಳಿಗೆ ಹೋಗುತ್ತದೆ. ಅಲ್ಲಿಗೆ ಹತ್ತಿರಹತ್ತಿರ ಒಂದು ಟನ್. ಒಲೆಗೆ ಹಾಕಿದ್ದರೆ ಅದೇ ವರ್ಷ ಹೊಗೆಯಾಗುತ್ತಿತ್ತು. ಮಾಡಿನಲ್ಲಿ ಇರುವಷ್ಟು ಕಾಲ ಅಲ್ಲೇ ಕೂತಿರುತ್ತದೆ, ಜೊತೆಗೆ ಸ್ಲಾಬಿನ ಸಿಮೆಂಟ್ ಮತ್ತು ಸರಳು ಉಳಿಯಿತು. ಆದರೆ ಐದೇ ವರ್ಷಕ್ಕೆ ಗೆದ್ದಲು ತಿಂದರೆ ಈ ಲೆಕ್ಕವೆಲ್ಲ ಸುಳ್ಳು. ನಿಂತಿರುವ ಕಾಡು ಕಡಿಸಿ ತಂದರೂ ಸುಳ್ಳು.

ಆಮೇಲೆ

ಪ್ರತಿ ವರ್ಷ ಚೌತಿ ಕಳೆದ ಮೇಲೆ ನಾನು ಏಣಿ, ಟಾರ್ಚ್, ಒಂದು ಸ್ಕ್ರೂಡ್ರೈವರ್ ಹಿಡಿದು ಹತ್ತುತ್ತೇನೆ. ಮೊದಲು ಕಂಬದ ಪಾದ. ಆಮೇಲೆ ಗೋಡೆ ಹಲಗೆ, ಅದರಲ್ಲೂ ಒಡೆದ ಹಂಚಿನ ಕೆಳಗಿನ ಜಾಗ. ಅನುಮಾನ ಬಂದ ಕಡೆ ಚುಚ್ಚಿ ನೋಡುತ್ತೇನೆ, ಬೋಲ್ಟ್‌ಗಳನ್ನು ಅರ್ಧ ಸುತ್ತು ಬಿಗಿ ಮಾಡುತ್ತೇನೆ. ನೆಲದ ಮೇಲೆ ಸಣ್ಣ ಹಿಟ್ಟಿನ ಗುಪ್ಪೆ ಕಂಡರೆ ಅದರ ನೇರ ಮೇಲಿನ ಪಕಾಸಿಗೆ ಕುಟ್ಟೆ ಬಿದ್ದಿದೆ ಅಂತ. ಎರಡನೇ ವರ್ಷ ಒಂದು ಕಡೆ ಅಂಥ ಗುಪ್ಪೆ ಇತ್ತು. ಬಿಳಿ ಭಾಗ ಜಾಸ್ತಿ ಉಳಿದಿದ್ದ ತುಂಡು, ಪ್ಲಾಸ್ಟಿಕ್ ಸುತ್ತುವಾಗ ಹೊರಗಡೆಯೇ ಉಳಿದುಬಿಟ್ಟಿತ್ತೇನೋ. ಅದೊಂದನ್ನು ಬಿಚ್ಚಿ ಬೇರೆ ಹಾಕಿದೆವು. ಕಾಕಾ ಹಳೆಯದನ್ನು ತಮ್ಮ ಮನೆಗೆ ಒಯ್ದರು, ಒಲೆಗೆ.